ಅಜ್ಜಿಯ ಸ್ಟೂಲಿನಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ 'ಮಹಿಳಾ ಸಬಲೀಕರಣ: ಅಂದು ಮತ್ತು ಇಂದು' ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಮಲಗುವ ಮುಂಚೆ. ಎರಡನೇ ಸಲ ಬೆಳಿಗ್ಗೆ ಎದ್ದ ಕೂಡಲೇ, ಯಾಕೆಂದರೆ ಒಂಬತ್ತನೇ ಪುಟದ ಒಂದು ಪ್ಯಾರಾ ರಾತ್ರಿಯೆಲ್ಲ ತಲೆಯಿಂದ ಹೋಗಲೇ ಇಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ. ಈ ಲೇಖನವನ್ನು ಹೀಗೇ ಹಾಕಲು ಆಗುವುದಿಲ್ಲ. ಆದರೆ ಆ ಪ್ಯಾರಾ ನನಗೆ ಬೇಕು. ಹನ್ನೆರಡು ಪುಟದಲ್ಲಿ ಹನ್ನೊಂದೂವರೆ ಪುಟ ಪಕ್ಕಕ್ಕಿಟ್ಟು, ಆ ಅರ್ಧ ಪುಟವನ್ನೇ ಬೆಳೆಸಿ ಕೊಟ್ಟರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇನೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಉದ್ದ ಆದರೂ ಓದಿ.

ನೀವು ಬರೆದದ್ದು ಇಷ್ಟು: "ನಮ್ಮ ಅಜ್ಜಿ 1987ರಲ್ಲಿ ಮಂಡಲ ಪಂಚಾಯ್ತಿ ಮೆಂಬರ್ ಆಗಿದ್ದರು. ಮೊದಲ ಮೀಟಿಂಗಿನಲ್ಲಿ ಗಂಡಸರಿಗೆಲ್ಲ ಕುರ್ಚಿ, ಹೆಂಗಸರಿಗೆ ಬಾಗಿಲ ಹತ್ತಿರ ಚಾಪೆ. ಮೂರು ಮೀಟಿಂಗ್ ಹಾಗೇ ಆಯಿತು. ನಾಲ್ಕನೆಯದಕ್ಕೆ ಅಜ್ಜಿ ಮನೆಯಿಂದ ಸ್ಟೂಲು ಹೊತ್ತುಕೊಂಡು ಹೋದರು. ಅಟ್ಟದ ಮೇಲಿನ ಡಬ್ಬ ಇಳಿಸಲು ಇಟ್ಟಿದ್ದ ಸ್ಟೂಲು ಅದು. ಆಮೇಲೆ ಅದು ಮನೆಗೆ ವಾಪಸ್ ಬರಲೇ ಇಲ್ಲ."

ಅಷ್ಟೇ. ಮುಂದಿನ ಸಾಲಿನಲ್ಲೇ 'ಹೀಗೆ ಮಹಿಳೆಯರು ಇಂದು ಎಲ್ಲ ರಂಗಗಳಲ್ಲೂ ಮುಂಚೂಣಿಯಲ್ಲಿದ್ದಾರೆ' ಅಂತ ಬರೆದು ಕಲ್ಪನಾ ಚಾವ್ಲಾ ಅವರ ಕಡೆಗೆ ಹೋಗಿಬಿಟ್ಟಿರಿ. ಓದುತ್ತಿದ್ದ ನನಗೆ ನಿಜವಾಗಲೂ ಸಂಕಟ ಆಯಿತು. ಸ್ಟೂಲು ಎಲ್ಲಿ ಹೋಯಿತು? ಅಜ್ಜಿ ಅದನ್ನು ಎಲ್ಲಿ ಹಾಕಿಕೊಂಡು ಕೂತರು? ಯಾರು ಏನಂದರು?

ಉಳಿದ ಹನ್ನೊಂದೂವರೆ ಪುಟದ ತೊಂದರೆ ಏನು ಅಂದರೆ, ಅಲ್ಲಿ ದಸರಾ ಮೆರವಣಿಗೆಯ ಸ್ತಬ್ಧಚಿತ್ರಗಳ ಹಾಗೆ ಒಬ್ಬೊಬ್ಬರೇ ಬಂದು ಹೋಗುತ್ತಾರೆ. ಗಾರ್ಗಿ, ಮೈತ್ರೇಯಿ, ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಓಬವ್ವ, ಸಾವಿತ್ರಿಬಾಯಿ ಫುಲೆ. ಒಬ್ಬೊಬ್ಬರಿಗೆ ನಾಲ್ಕು ಸಾಲು. ಒಬ್ಬರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ಆ ಸಾಲುಗಳು ಕೆಡುವುದಿಲ್ಲ. 'ಪುರುಷಪ್ರಧಾನ ಸಮಾಜದ ಸಂಕೋಲೆಗಳನ್ನು ಕಿತ್ತೊಗೆದು' ಅನ್ನುವ ಮಾತು ಐದು ಕಡೆ ಬಂದಿದೆ, ನಾನು ಗುರುತು ಹಾಕಿದ್ದೇನೆ, ನೋಡಿ. ಸಂಕೋಲೆ ಅಂದರೆ ಏನಾಗಿತ್ತು, ಯಾವ ಊರಲ್ಲಿ, ಯಾರು ಹಾಕಿದ್ದು ಅಂತ ಒಂದು ಕಡೆಯೂ ಇಲ್ಲ.

ಸಾವಿತ್ರಿಬಾಯಿ ಅವರನ್ನೇ ತೆಗೆದುಕೊಳ್ಳಿ. 'ಸ್ತ್ರೀ ಶಿಕ್ಷಣಕ್ಕಾಗಿ ಹೋರಾಡಿದರು' ಅಂತ ಬರೆದಿದ್ದೀರಿ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಅವರೂ ಅವರ ಗಂಡ ಜ್ಯೋತಿಬಾ ಅವರೂ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದಾಗ, ಪಾಠ ಹೇಳಲು ಹೋಗುವ ದಾರಿಯಲ್ಲಿ ಜನ ಸಗಣಿ, ಕೆಸರು ಎರಚುತ್ತಿದ್ದರು. ಅದಕ್ಕೇ ಅವರು ಇನ್ನೊಂದು ಸೀರೆ ಜೊತೆಗೆ ಒಯ್ಯುತ್ತಿದ್ದರು. ಶಾಲೆಗೆ ಹೋಗಿ ಸೀರೆ ಬದಲಾಯಿಸಿ ಪಾಠ ಶುರು. ನೋಡಿ, ಆ ಎರಡನೇ ಸೀರೆ ಬಂದ ಕೂಡಲೇ ನಿಮಗೂ ನನಗೂ ಒಬ್ಬ ಮನುಷ್ಯಳು ಕಣ್ಣೆದುರು ಬಂದಳು, ಅಲ್ವಾ? ನಿಮ್ಮ ಅಜ್ಜಿಯ ಸ್ಟೂಲು ಕೂಡ ಅಂಥದ್ದೇ. ಅದು ನಿಮ್ಮ ಕೈಗೆ ಸಿಕ್ಕಿದೆ, ನೀವು ಬಿಟ್ಟುಬಿಟ್ಟಿದ್ದೀರಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹನ್ನೆರಡು ಪುಟದಲ್ಲಿ ನಂಜನಗೂಡು ತಿರುಮಲಾಂಬ ಇಲ್ಲ, ಆರ್. ಕಲ್ಯಾಣಮ್ಮ ಇಲ್ಲ. ಇಬ್ಬರೂ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. ತಿರುಮಲಾಂಬ 1910ರ ದಶಕದಲ್ಲೇ 'ಸತೀಹಿತೈಷಿಣಿ' ಹೆಸರಿನಲ್ಲಿ ಪುಸ್ತಕ ಪ್ರಕಟಿಸಿದರು, ಮುಂದೆ ಪತ್ರಿಕೆ ನಡೆಸಿದರು. ಕಲ್ಯಾಣಮ್ಮ 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಒಂದು ಸಂಚಿಕೆ ಹೊರಗೆ ತರಲು ಎಷ್ಟು ಕಷ್ಟ ಅಂತ ದಿನಾ ನೋಡುವ ನನಗೆ, ಆ ಕಾಲದಲ್ಲಿ ಅವರು ಚಂದಾ ಹಣ ಹೇಗೆ ಕೂಡಿಸಿದರು, ಕಾಗದ ಎಲ್ಲಿಂದ ತಂದರು ಅನ್ನುವುದೇ ದೊಡ್ಡ ಬೆರಗು. ಇವರ ಬಗ್ಗೆ ಬೇರೆ ಲೇಖನ ಬರೆಯಿರಿ ಬೇಕಾದರೆ. ಈ ಲೇಖನಕ್ಕೆ ತುರುಕಬೇಡಿ.

ಈಗ ತಪ್ಪುಗಳು. ಇವು ಅಚ್ಚಾಗಿದ್ದರೆ ನಿಮಗೂ ಕೆಟ್ಟ ಹೆಸರು, ನಮಗೂ ಕೆಟ್ಟ ಹೆಸರು.

'ಸ್ವಾತಂತ್ರ್ಯ ಬಂದ ಮೇಲೆ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿತು' ಅಂತ ಬರೆದಿದ್ದೀರಿ. ಎಲ್ಲರಿಗೂ ಸಿಕ್ಕಿದ್ದು ಆಗಲೇ, ನಿಜ. ಆದರೆ ಮದ್ರಾಸ್ ಪ್ರಾಂತ್ಯದಲ್ಲಿ 1921ರಲ್ಲೇ ಹೆಂಗಸರಿಗೆ ಓಟು ಬಂತು, ಆಸ್ತಿ ಇದ್ದವರಿಗೆ ಮಾತ್ರ. ಮಂಗಳೂರು, ಬಳ್ಳಾರಿ ಎಲ್ಲ ಆಗ ಮದ್ರಾಸಿಗೇ ಸೇರಿದ್ದವು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತು ಸ್ವಲ್ಪದರಲ್ಲೇ ಸೋತರು. ಅವರಿಗೆ ಆಗ 23 ವರ್ಷ.

ಓಟಿನ ವಿಷಯ ಬಂತು ಅಂತ ಇನ್ನೊಂದು ಹೇಳುತ್ತೇನೆ, ಇದು ನಿಮ್ಮ ಅಜ್ಜಿಯ ಕಥೆಗೇ ಸಂಬಂಧಪಟ್ಟದ್ದು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಅವರು ತಮ್ಮ ಹೆಸರು ಹೇಳಲಿಲ್ಲ. 'ಇಂಥವರ ಹೆಂಡತಿ', 'ಇಂಥವರ ತಾಯಿ' ಅಂತಷ್ಟೇ ಬರೆಸಿದ್ದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನದ ಕಡೆಯವರು. ಅವರವರ ಹೆಸರು ಇರಲೇಬೇಕು ಅಂತ ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಠ ಹಿಡಿದರು. ಈಗ ನಿಮ್ಮ ಲೇಖನ ಮತ್ತೊಮ್ಮೆ ತೆಗೆದು ನೋಡಿ. ನಿಮ್ಮ ಅಜ್ಜಿಯ ಹೆಸರು ಎಲ್ಲಿದೆ? ತಾತನ ಹೆಸರಿದೆ. ಊರ ಹೆಸರಿದೆ. ಅಜ್ಜಿ ಇಡೀ ಲೇಖನದಲ್ಲಿ 'ನಮ್ಮ ಅಜ್ಜಿ' ಮಾತ್ರ. ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ನಾವೆಲ್ಲ ಹಾಗೇ ಬರೆಯುತ್ತೇವೆ, ನಾನೂ ಬರೆದಿದ್ದೇನೆ. ಆದರೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬಿಡಬಾರದು.

ಎರಡನೇ ತಪ್ಪು ಆಸ್ತಿಯದು. '1956ರ ಕಾಯ್ದೆ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು' ಅಂತ ಬರೆದಿದ್ದೀರಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಅದು. ಪೂರ್ತಿ ಕೊಡಲಿಲ್ಲ. ಅಪ್ಪನ ಸ್ವಂತ ಗಳಿಕೆಯಲ್ಲಿ ಕೊಟ್ಟಿತು, ಅದೂ ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ. ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. ಅದಕ್ಕೂ ಮುಂಚೆ, 1933ರಲ್ಲೇ, ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದು, ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಷ್ಟು ಪಾಲು ಕೊಟ್ಟಿತ್ತು. ಪೂರ್ತಿ ಪಾಲು ಅಲ್ಲ. ಆಮೇಲೆ 1994ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಅಂದಿತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಇಡೀ ದೇಶಕ್ಕೆ ಆ ಹಕ್ಕು ಬಂದದ್ದು 2005ರ ಸೆಪ್ಟೆಂಬರ್ 9ರಂದು, ಮದುವೆಯಾದವರಿಗೂ ಸೇರಿ. ಆ ದಿನಕ್ಕೆ ಅಪ್ಪ ಬದುಕಿರಬೇಕಾ ಅನ್ನುವ ಜಗಳ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆದು, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬೇಕಾಗಿಲ್ಲ ಅಂತ ಹೇಳಿತು.

ಕಾನೂನು ಬಂದ ಮೇಲೆ ಮನೆಯಲ್ಲಿ ಏನಾಯಿತು ಅನ್ನುವುದು ಬೇರೆ ಕಥೆ. 2011ರಲ್ಲಿ ನಮ್ಮ ಮನೆಯಲ್ಲೇ ಕಂಡದ್ದು ಹೇಳುತ್ತೇನೆ. ತಾತ ತೀರಿಕೊಂಡ ಮೇಲೆ ನನ್ನ ಮೂವರು ಅತ್ತೆಯರು ಬಸ್ಸಲ್ಲಿ ಬಂದು ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಬೇವಿನ ಮರದ ಕೆಳಗೆ ಕೂತರು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು. ಒಬ್ಬೊಬ್ಬರಿಗೆ ಒಂದು ಸೀರೆ, ಒಂದು ಕಣ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು. ದೊಡ್ಡತ್ತೆ ಹೆಬ್ಬೆಟ್ಟು ಒತ್ತಿದರು, ನಡುವಿನವರು ಸಹಿ ಹಾಕಿದರು. ಚಿಕ್ಕತ್ತೆ ಮಾತ್ರ ಪತ್ರ ಬರಹಗಾರನ ಹತ್ತಿರ ಹೋಗಿ, 'ಏನು ಬರೆದಿದೆ ಪೂರ್ತಿ ಓದಿಪ್ಪಾ' ಅಂದರು. ಅವನು ನಮ್ಮಪ್ಪನ ಮುಖ ನೋಡಿದ. ಅಪ್ಪ ತಲೆಯಾಡಿಸಿದ ಮೇಲೆ ಓದಿದ. ಸರ್ವೆ ನಂಬರು, ಎಕರೆ, ಗುಂಟೆ, ಚೆಕ್ಕುಬಂದಿ, ಎಲ್ಲ. ಚಿಕ್ಕತ್ತೆ ಕೊನೆಯತನಕ ಕೇಳಿಸಿಕೊಂಡು ಸಹಿ ಹಾಕಿದರು. ಆ ಸೀರೆಯನ್ನು ಅವರು ಉಟ್ಟದ್ದು ನಾನು ಇವತ್ತಿನವರೆಗೂ ನೋಡಿಲ್ಲ. ನೀವು ಒಂದು ಸಾಲಿನಲ್ಲಿ ಮುಗಿಸಿದ 'ಸಮಪಾಲು' ಇಷ್ಟು ದೂರ ನಡೆದು ಬರಬೇಕಾಯಿತು. ಇನ್ನೂ ಎಷ್ಟೋ ಮನೆ ಮುಟ್ಟಿಲ್ಲ.

ಮೂರನೇ ತಪ್ಪು ನಿಮ್ಮ ಅಜ್ಜಿಯದೇ ಕಥೆಯಲ್ಲಿದೆ. 'ಪಂಚಾಯ್ತಿಯಲ್ಲಿ ಮಹಿಳಾ ಮೀಸಲಾತಿ 1993ರಲ್ಲಿ ಬಂತು' ಅಂತ ಆರನೇ ಪುಟದಲ್ಲಿ ಬರೆದು, ಒಂಬತ್ತನೇ ಪುಟದಲ್ಲಿ ಅಜ್ಜಿ 1987ರಲ್ಲೇ ಮೆಂಬರ್ ಆಗಿದ್ದರು ಅಂತ ಬರೆದಿದ್ದೀರಿ. ನೀವೇ ಬರೆದ ಎರಡು ಸಾಲು ಒಂದಕ್ಕೊಂದು ಜಗಳ ಆಡುತ್ತಿವೆ, ನಿಮಗೆ ಕಾಣಲಿಲ್ಲ. ಎರಡರಲ್ಲಿ ಸರಿಯಾಗಿರುವುದು ಅಜ್ಜಿಯ ಸಾಲು.

ನಡೆದದ್ದು ಹೀಗೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು ಅವರು. 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಯ ಕಾಯ್ದೆ ಬಂತು. ಅದರಲ್ಲಿ ಶೇ. 25ರಷ್ಟು ಜಾಗ ಹೆಂಗಸರಿಗೆ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಸಂವಿಧಾನದ 73ನೇ ತಿದ್ದುಪಡಿಗಿಂತ ಆರು ವರ್ಷ ಮುಂಚೆ. ಆ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಮೂರನೇ ಒಂದು ಪಾಲು ಇಡೀ ದೇಶಕ್ಕೆ ಬಂತು, ಮಂಡಲ ಪಂಚಾಯ್ತಿ ಹೋಗಿ ಗ್ರಾಮ ಪಂಚಾಯ್ತಿ ಆಯಿತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಅಂದರೆ ನಿಮ್ಮ ಅಜ್ಜಿ, ದೇಶದ ಬಹುಪಾಲು ಹಳ್ಳಿಗಳಿಗೆ ಇಂಥ ಮೀಸಲು ಸೀಟು ಬರುವ ಮುಂಚೆಯೇ ಆ ಕೋಣೆಯೊಳಗೆ ಹೋದ ಹೆಂಗಸರಲ್ಲಿ ಒಬ್ಬರು. ಇದು ನಿಮಗೆ ಗೊತ್ತಿರಲಿಲ್ಲ ಅನ್ನಿಸುತ್ತೆ. ಗೊತ್ತಿದ್ದರೆ ಅವರನ್ನು ಒಂಬತ್ತನೇ ಪುಟಕ್ಕೆ ತಳ್ಳುತ್ತಿರಲಿಲ್ಲ.

ಇನ್ನೊಂದು ಚಿಕ್ಕ ವಿಷಯ. 'ಪಂಚಾಯ್ತಿ ಅಧ್ಯಕ್ಷರು ಕಣ್ಣು ಬಿಟ್ಟು ನೋಡಿದರು' ಅಂತ ಎಲ್ಲೋ ಬರೆದಿದ್ದೀರಿ. ಆಗ ಅವರನ್ನು ಕರೆಯುತ್ತಿದ್ದದ್ದು 'ಪ್ರಧಾನರು' ಅಂತ. ಮಂಡಲ ಪ್ರಧಾನರು. ಅಜ್ಜಿಯನ್ನೇ ಕೇಳಿ ನೋಡಿ, ಅವರ ಬಾಯಲ್ಲಿ ಆ ಪದವೇ ಬರುತ್ತದೆ. ಆ ಕಾಲದ ಪದ ಸಿಕ್ಕಿದರೆ ಆ ಕಾಲವೇ ಅರ್ಧ ಸಿಕ್ಕ ಹಾಗೆ.

ಈಗ ಮಾಡಬೇಕಾದ್ದು. ಅಜ್ಜಿಗೆ 79 ಅಂತ ಬರೆದಿದ್ದೀರಿ, ನೆನಪು ಚೆನ್ನಾಗಿದೆ ಅಂತಲೂ ಬರೆದಿದ್ದೀರಿ. ತಡ ಮಾಡಬೇಡಿ. ಈ ವಾರವೇ ಊರಿಗೆ ಹೋಗಿ. ಫೋನಿನಲ್ಲಿ ಕೇಳಬೇಡಿ, ಫೋನಿನಲ್ಲಿ ಅಜ್ಜಿಯರು 'ಏನಿಲ್ಲ ಬಿಡವ್ವಾ' ಅಂದುಬಿಡುತ್ತಾರೆ. ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ಕೇಳಿ. ರೆಕಾರ್ಡ್ ಮಾಡುವುದಾದರೆ ಹೇಳಿ ಮಾಡಿ.

'ನಿಮಗೆ ಸಬಲೀಕರಣ ಆಯಿತು ಅನ್ನಿಸಿತಾ' ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಸ್ಟೂಲು ಎಷ್ಟು ಎತ್ತರ ಇತ್ತು ಅಂತ ಕೇಳಿ. ಕಾಲು ಮೂರಾ ನಾಲ್ಕಾ. ಮನೆಯಿಂದ ಪಂಚಾಯ್ತಿ ಆಫೀಸಿಗೆ ಎಷ್ಟು ದೂರ, ಯಾವ ಕೇರಿ ದಾಟಿ ಹೋಗಬೇಕಿತ್ತು, ಹಗಲಲ್ಲಿ ಎಲ್ಲರೂ ನೋಡುತ್ತಿರುವಾಗ ತಲೆ ಮೇಲೆ ಹೊತ್ತರಾ, ಕಂಕುಳಲ್ಲಿ ಇಟ್ಟುಕೊಂಡರಾ. ದಾರಿಯಲ್ಲಿ ಯಾರಾದರೂ 'ಎಲ್ಲಿಗೆ' ಅಂದಾಗ ಏನು ಹೇಳಿದರು. ಚುನಾವಣೆಗೆ ನಿಲ್ಲು ಅಂತ ಮೊದಲು ಹೇಳಿದ್ದು ಯಾರು. ನಾಮಪತ್ರ ತುಂಬಿದ್ದು ಯಾರು. ಮೊದಲ ಮೀಟಿಂಗಿಗೆ ಯಾವ ಸೀರೆ ಉಟ್ಟಿದ್ದರು. ಎದ್ದು ನಿಂತು ಮೊದಲ ಸಲ ಮಾತಾಡಿದ್ದು ಯಾವ ವಿಷಯಕ್ಕೆ. ನನಗನ್ನಿಸುವ ಹಾಗೆ ಅದು ನೀರಿನ ವಿಷಯ ಇರಬೇಕು, ಆದರೆ ನಾನು ಹೇಳಿದೆ ಅಂತ ಬರೆಯಬೇಡಿ, ಅವರು ಹೇಳಿದ್ದನ್ನು ಬರೆಯಿರಿ.

ತಾತನ ಬಗ್ಗೆಯೂ ಕೇಳಲೇಬೇಕು. ಆಗ ಎಷ್ಟೋ ಕಡೆ ಮೆಂಬರಮ್ಮನ ಬದಲು ಯಜಮಾನರೇ ಮೀಟಿಂಗಿಗೆ ಹೋಗುತ್ತಿದ್ದರು, ಹೆಂಡತಿ ಮನೆಯಲ್ಲೇ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು. ಈಗಲೂ ಇದೆ. ನಿಮ್ಮ ತಾತ ಏನು ಮಾಡಿದರು? ಜೊತೆಗೆ ಹೋಗಿ ಹೊರಗೆ ಕಟ್ಟೆ ಮೇಲೆ ಕೂತರಾ? ಸ್ಟೂಲು ಹೊರಡುವಾಗ ಮನೆಯಲ್ಲಿ ಜಗಳ ಆಯಿತಾ? ತಾತ ಅಡ್ಡ ಬಂದಿದ್ದರೆ ಅದನ್ನೂ ಬರೆಯಿರಿ. ಬೆನ್ನಿಗೆ ನಿಂತಿದ್ದರೆ ಅದನ್ನೂ ಬರೆಯಿರಿ.

ಇದಕ್ಕಿಂತ ಕಷ್ಟದ ಪ್ರಶ್ನೆ ಒಂದಿದೆ. ಚಾಪೆಯ ಮೇಲೆ ಅಜ್ಜಿ ಒಬ್ಬರೇ ಇರಲಿಲ್ಲ, 'ಹೆಂಗಸರಿಗೆ' ಅಂತ ನೀವೇ ಬರೆದಿದ್ದೀರಿ. ಉಳಿದವರು ಯಾರು? ದಲಿತ ಕೇರಿಯ ಸದಸ್ಯೆ ಇದ್ದರಾ? ಅವರು ಅದೇ ಚಾಪೆಯ ಮೇಲೆ ಕೂತರಾ, ಇಲ್ಲಾ ಬಾಗಿಲಾಚೆ ನಿಂತರಾ? ಅಜ್ಜಿ ಸ್ಟೂಲಿನ ಮೇಲೆ ಕೂತ ದಿನ ಅವರೆಲ್ಲಿ ಕೂತರು? ಸ್ಟೂಲು ಹೊತ್ತುಕೊಂಡು ಹೋಗುವ ಧೈರ್ಯ ನಿಮ್ಮ ಅಜ್ಜಿಯದು, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಅದೇ ಕೆಲಸ ಇನ್ನೊಬ್ಬರು ಮಾಡಿದ್ದರೆ ಊರು ಸುಮ್ಮನೆ ಬಿಡುತ್ತಿತ್ತಾ ಅನ್ನುವುದನ್ನು ಅಜ್ಜಿಯ ಹತ್ತಿರವೇ ಕೇಳಿ. ಆ ಇನ್ನೊಬ್ಬ ಸದಸ್ಯೆ ಬದುಕಿದ್ದರೆ ಅವರ ಮನೆಗೂ ಹೋಗಿ, ಅಜ್ಜಿಯನ್ನು ಕರೆದುಕೊಳ್ಳದೆ, ನೀವೊಬ್ಬರೇ. ಅವರು ಹೇಳುವ ಕಥೆ ಅಜ್ಜಿಯ ಕಥೆಗಿಂತ ಬೇರೆ ಇದ್ದರೆ ಹೆದರಬೇಡಿ, ಎರಡನ್ನೂ ಬರೆಯಿರಿ.

ಅಜ್ಜಿಯನ್ನು ದೇವಿ ಮಾಡಬೇಡಿ. ಐದು ವರ್ಷದಲ್ಲಿ ಅವರ ಕೈಲಿ ಆಗದ ಕೆಲಸಗಳು ಇದ್ದೇ ಇರುತ್ತವೆ. ಯಾವ ರಸ್ತೆ ಆಗಲಿಲ್ಲ, ಯಾವ ಠರಾವಿಗೆ ಗೊತ್ತಿಲ್ಲದೆ ಸಹಿ ಹಾಕಿದರು, ಯಾರ ಮಾತಿಗೆ ಮಣಿದರು. ಇದು ಬಂದರೆ ಸ್ಟೂಲಿನ ಬೆಲೆ ಕಡಿಮೆ ಆಗುವುದಿಲ್ಲ. ಎರಡನೇ ಸಲ ಯಾಕೆ ನಿಲ್ಲಲಿಲ್ಲ ಅನ್ನುವುದೂ ನನಗೆ ಬೇಕು. ಅವಧಿ ಮುಗಿದ ಮೇಲೆ ಮಂಡಲ ಪಂಚಾಯ್ತಿಗಳೇ ಇಲ್ಲದ ಹಾಗಾಗಿ, ಮತ್ತೆ ಗ್ರಾಮ ಪಂಚಾಯ್ತಿ ಚುನಾವಣೆ ನಡೆದದ್ದು 1993ರ ಕೊನೆಗೆ. ಆ ನಡುವೆ ಅಜ್ಜಿ ಮತ್ತೆ ಅಡುಗೆಮನೆಗೆ ವಾಪಸ್ ಹೋದರಾ? ಹಾಗೆ ಹೋದಾಗ ಏನನ್ನಿಸಿತು?

ಕಾಗದವೂ ಬೇಕು. ಬರೀ ನೆನಪು ಸಾಲದು. ಪಂಚಾಯ್ತಿ ಆಫೀಸಿಗೆ ಹೋಗಿ 1987ರಿಂದ ಮುಂದಿನ ನಡವಳಿ ಪುಸ್ತಕ ಇದೆಯಾ ಕೇಳಿ. ಹಳೆಯದು, ಗೆದ್ದಲು ಹಿಡಿದಿರಬಹುದು, ಬೇರೆ ಆಫೀಸಿಗೆ ಹೋಗಿರಬಹುದು. ಪುಸ್ತಕ ಇಲ್ಲ ಅಂತ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹೇಳಿದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸಿಕ್ಕಿದರೆ ಮೊದಲು ಹಾಜರಾತಿ ನೋಡಿ. ಅಜ್ಜಿಯದು ಸಹಿಯಾ, ಹೆಬ್ಬೆಟ್ಟಾ? ಮೊದಲ ಮೀಟಿಂಗಿನ ಸಹಿಯೂ ಕೊನೆಯ ಮೀಟಿಂಗಿನ ಸಹಿಯೂ ಒಂದೇ ಥರ ಇವೆಯಾ? ಅಜ್ಜಿ ಮಾತಾಡಿದ್ದು ನಡವಳಿಯಲ್ಲಿ ಬರೆದಿದೆಯಾ, ಇಲ್ಲಾ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಅನ್ನುವುದರೊಳಗೆ ಮುಚ್ಚಿಹೋಗಿದೆಯಾ? ಅವರು ಹೇಳುವುದಕ್ಕೂ ಪುಸ್ತಕ ಹೇಳುವುದಕ್ಕೂ ವ್ಯತ್ಯಾಸ ಬಂದರೆ ಅದನ್ನು ಮುಚ್ಚಬೇಡಿ.

ಇವತ್ತಿನ ವಿಷಯಕ್ಕೆ ಬರಬೇಕು ಅನ್ನಿಸಿದರೆ ಒಂದೇ ಪ್ಯಾರಾ ಸಾಕು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಕೊಡುವ ಮಸೂದೆ ಮೊದಲು ಮಂಡನೆ ಆದದ್ದು 1996ರ ಸೆಪ್ಟೆಂಬರಿನಲ್ಲಿ, ದೇವೇಗೌಡರು ಪ್ರಧಾನಿ ಆಗಿದ್ದಾಗ. ಪಾಸಾದದ್ದು 2023ರ ಸೆಪ್ಟೆಂಬರಿನಲ್ಲಿ. 27 ವರ್ಷ. ಅದೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅನ್ನುವ ಷರತ್ತಿನ ಜೊತೆ. 2023ರ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಗೆ ಗೆದ್ದು ಬಂದ ಹೆಂಗಸರು 224ರಲ್ಲಿ 10 ಜನ. ಪಂಚಾಯ್ತಿಯಲ್ಲಿ ಅರ್ಧ, ವಿಧಾನಸೌಧದಲ್ಲಿ ಹತ್ತು. ನೀವು ಹನ್ನೆರಡನೇ ಪುಟದಲ್ಲಿ 'ಇಂದು ಮಹಿಳೆ ಪುರುಷನಿಗೆ ಸರಿಸಮಾನಳಾಗಿದ್ದಾಳೆ' ಅಂತ ಮುಗಿಸಿದ್ದೀರಲ್ಲ, ಆ ಸಾಲನ್ನು ಈ ಎರಡು ಲೆಕ್ಕದ ಪಕ್ಕ ಇಟ್ಟು ನೋಡಿ. ನಿಲ್ಲುವುದಿಲ್ಲ. ತೆಗೆಯಿರಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಅರ್ಧ ಪುಟದಲ್ಲಿ ನಿಮ್ಮ ಕನ್ನಡ ತುಂಬ ಚೆನ್ನಾಗಿದೆ. ಚಿಕ್ಕ ಚಿಕ್ಕ ವಾಕ್ಯ, ಮನೆಯ ಪದ, ಎಲ್ಲೂ ತಡವರಿಸಿಲ್ಲ. ಉಳಿದ ಕಡೆ ಭಾಷಣದ ಪದಗಳು ಬಂದು ಕೂತಿವೆ. ಶಾಲೆಯಲ್ಲಿ ಮಾರ್ಚ್ 8ಕ್ಕೆ ಭಾಷಣ ಬರೆಸುವಾಗ ನಮಗೆಲ್ಲ ಕಲಿಸಿದ ಪದಗಳು ಅವು. ನಿಮಗೆ ಬರೆಯಲು ಬರುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಅಜ್ಜಿಯ ಬಗ್ಗೆ ಬರೆದ ಹಾಗೇ ಪೂರ್ತಿ ಬರೆಯಿರಿ.

ಸಾವಿರದ ಐನೂರು ಪದ ಇರಲಿ, ಇನ್ನೂರು ಹೆಚ್ಚಾದರೆ ಪರವಾಗಿಲ್ಲ. ಮುಂದಿನ ತಿಂಗಳ 10ರೊಳಗೆ ಬಂದರೆ ಸಂಚಿಕೆಗೆ ಸರಿಹೋಗುತ್ತದೆ, ಅಷ್ಟರೊಳಗೆ ನಡವಳಿ ಪುಸ್ತಕ ಸಿಗದಿದ್ದರೆ ತಿಳಿಸಿ, ಅದಕ್ಕಾಗಿ ಒಂದು ಸಂಚಿಕೆ ಕಾಯುತ್ತೇನೆ. ಅಜ್ಜಿಯ ಹೆಸರು ಹಾಕಲು ಮೊದಲು ಅವರನ್ನೇ ಕೇಳಿ. ಅವರು ಹೂಂ ಅಂದರೆ, ಮತದಾರರ ಪಟ್ಟಿಯಲ್ಲಿ ಇರುವ ಹಾಗೆ ಪೂರ್ತಿ ಹೆಸರು, ಮೊದಲ ಸಾಲಿನಲ್ಲೇ. ಮತ್ತೆ, ಊರಿಗೆ ಹೋದಾಗ ಆ ಸ್ಟೂಲು ಇನ್ನೂ ಪಂಚಾಯ್ತಿ ಆಫೀಸಿನಲ್ಲೇ ಇದೆಯಾ ನೋಡಿ. ಇದ್ದರೆ, ಈಗ ಅದರ ಮೇಲೆ ಏನಿಟ್ಟಿದ್ದಾರೆ ಅಂತ ನನಗೆ ಫೋನ್ ಮಾಡಿ ಹೇಳಿ.